ಛತ್ರದಲ್ಲಿ ಒಂಬತ್ತು ಚೆಂಡು

ಬನಶಂಕರಿ ಎರಡನೇ ಹಂತದ ಚಿದಾನಂದನಿಗೆ ಐವತ್ತೆರಡು ತುಂಬುವ ಹೊತ್ತಿಗೆ ಒಂದು ಕಲ್ಯಾಣ ಮಂಟಪ, ಎರಡು ಹಾರ್ಡ್‌ವೇರ್ ಅಂಗಡಿ ಮತ್ತು ಒಂದು ಮೊಣಕಾಲು ನೋವು ಕೈಸೇರಿದ್ದವು. ಇವುಗಳ ಜೊತೆಗೆ ಒಂದು ನಂಬಿಕೆಯೂ ಇತ್ತು. ತಾನು ಅಂದು ಬಿಡದೆ ಆಡಿಕೊಂಡು ಬಂದಿದ್ದರೆ ಇಂದು ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದಲ್ಲಿ ಜಗತ್ತಿಗೇ ಚಾಂಪಿಯನ್ ಆಗಿರುತ್ತಿದ್ದೆ ಎಂಬುದು ಆ ನಂಬಿಕೆ. ಮೊಣಕಾಲು ನೋವಿಗಾದರೂ ಎಕ್ಸ್‌ರೇ ಇತ್ತು, ಇದಕ್ಕೆ ಅದೂ ಇರಲಿಲ್ಲ. ಕಾಲೇಜಿಗೆ ಚಕ್ಕರ್ ಹೊಡೆದು ಜಯನಗರ ನಾಲ್ಕನೇ ಬ್ಲಾಕಿನ ಪಾರ್ಲರಿನಲ್ಲಿ ಎರಡು ವರ್ಷ ಆಡಿದ್ದ. ಒಮ್ಮೆ ಒಬ್ಬ ಲೆಕ್ಚರರನ್ನು ಸೋಲಿಸಿದ್ದ. ಆ ಲೆಕ್ಚರರು ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಅವರು ಎಂಥ ಆಟಗಾರರಾಗಿದ್ದರು ಎಂಬುದನ್ನು ಚಿದಾನಂದ ತನಗೆ ಬೇಕಾದ ಹಾಗೆ ಹೇಳಿಕೊಳ್ಳಬಹುದಾಗಿತ್ತು. ಹಾಗೇ ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಅಂತರರಾಷ್ಟ್ರೀಯ ವೃತ್ತಿಪರ ಪೂಲ್ ಚಾಂಪಿಯನ್‌ಶಿಪ್ ತಾನಾಗಿ ಅವನ ಬಾಗಿಲಿಗೆ ಬಂತು. ಪಂದ್ಯಾವಳಿ ನಡೆಯಬೇಕಾಗಿದ್ದ ದೊಡ್ಡ ಹೋಟೆಲಿನ ಸಭಾಂಗಣದ ಸೂರು ಸೋರತೊಡಗಿ, ಹತ್ತು ದಿನ ಇರುವಾಗ ಸಂಘಟಕರು ಕಂಬಗಳಿಲ್ಲದ ಹಾಲ್ ಹುಡುಕಿಕೊಂಡು ಊರೆಲ್ಲ ಅಲೆದರು. ಚಿದಾನಂದನ ಛತ್ರದ ಕೆಳಗಿನ ಹಾಲಿನಲ್ಲಿ ಕಂಬವಿರಲಿಲ್ಲ. ಪಂದ್ಯಾವಳಿಯ ನಿರ್ದೇಶಕ ಸಿಂಗಪುರದ ಟಾನ್ ಎಂಬ ಅರವತ್ತರ ಮನುಷ್ಯ. ಆತ ಯಾವಾಗಲೂ ಕಪ್ಪು ಕೋಟು ತೊಟ್ಟು, ಕಂಕುಳಲ್ಲಿ ನಿಯಮಾವಳಿಯ ಪುಸ್ತಕ ಇಟ್ಟುಕೊಂಡೇ ಓಡಾಡುತ್ತಿದ್ದ. ಹಾಲನ್ನು ಅಳೆದು ನೋಡಿ ಆತ ತಲೆಯಾಡಿಸಿದ. ಚಿದಾನಂದ ಕೊಡಲು ಒಪ್ಪಿದ, ಒಂದು ಷರತ್ತಿನ ಮೇಲೆ. ಆತಿಥೇಯ ಊರಿನ ಒಬ್ಬ ಆಟಗಾರನಿಗೆ ನೇರ ಪ್ರವೇಶ ಕೊಡುವುದು ಪದ್ಧತಿಯಂತೆ. ಆ ಜಾಗ ತನಗೇ ಬೇಕು ಎಂದ. ಟಾನ್ ಪುಸ್ತಕ ತಿರುವಿ ಹಾಕಿದ. ಅದರಲ್ಲಿ ಆ ಆಟಗಾರನಿಗೆ ಆಟ ಬರಬೇಕು ಅಂತ ಎಲ್ಲೂ ಬರೆದಿರಲಿಲ್ಲ.

ಆ ಜಾಗಕ್ಕೆ ಮೊದಲೇ ಒಂದು ಹೆಸರಿತ್ತು. ಮೌನೇಶ ಎಂಬ ಲಿಂಗಸುಗೂರು ಕಡೆಯ ಯುವಕ, ಬಿಟಿಎಂನಲ್ಲಿ ಬಾಡಿಗೆ ರೂಮು ಮಾಡಿಕೊಂಡು ಅಲ್ಲೇ ಒಂದು ಪಾರ್ಲರಿನಲ್ಲಿ ಆಟ ಕಲಿಸುತ್ತಿದ್ದವನು, ಎರಡು ಸಲ ರಾಜ್ಯಕ್ಕೇ ಮೊದಲಿಗನಾಗಿದ್ದ. ಚಿದಾನಂದ ಅವನನ್ನು ಕರೆಸಿ, ಎದುರು ಕೂರಿಸಿಕೊಂಡು, ಫಿಲ್ಟರ್ ಕಾಫಿ ಕೊಟ್ಟು, ಮುಂದಿನ ವರ್ಷ ನೀನೇ ಅಂತ ಭರವಸೆ ಕೊಟ್ಟ. ಕಾಫಿ ಮುಗಿಯುವುದರೊಳಗೆ, ಇನ್ನು ಹತ್ತು ದಿನ ತನಗೆ ಸ್ವಲ್ಪ ಆಟ ತಿದ್ದಿಕೊಡಬೇಕೆಂದೂ ಹೇಳಿದ. ಮೌನೇಶ ಲೋಟ ಕೆಳಗಿಟ್ಟು "ಆತ್ರಿ ಸಾರ್" ಎಂದ. ಹತ್ತು ದಿನ ತಪ್ಪದೆ ಬಂದ. ಕೊನೆಯ ದಿನ ಚಿದಾನಂದ, ಹೇಗಿದೆ ಮಗಾ ನನ್ನ ಆಟ ಎಂದು ಕೇಳಿದಾಗ ಬಹಳ ಹೊತ್ತು ಯೋಚನೆ ಮಾಡಿ, "ನಿಮ್ಮ ನಿಲುವು ಛಲೋ ಐತ್ರಿ" ಅಂದ.

ಫ್ಲೆಕ್ಸ್ ನಿಷೇಧವಿರುವ ಈ ಊರಿನಲ್ಲಿ ಬನಶಂಕರಿ ಬಸ್ ನಿಲ್ದಾಣದಿಂದ ಜೆ.ಪಿ. ನಗರದ ತನಕ ಫ್ಲೆಕ್ಸ್‌ಗಳು ಎದ್ದವು. ಅವುಗಳಲ್ಲಿ ಚಿದಾನಂದ ಕೋಲನ್ನು ಗದೆಯ ಹಾಗೆ ಹೆಗಲಿಗೇರಿಸಿ ನಿಂತಿದ್ದ. ಹದಿನಾಲ್ಕು ದೇಶಗಳಿಂದ ಬರುವ ಆಟಗಾರರು ಅವನ ಕಾಲ ಬಳಿ ಅಂಚೆಚೀಟಿಯ ಗಾತ್ರದಲ್ಲಿ ಸಾಲಾಗಿದ್ದರು.

ಡ್ರಾ ಎತ್ತಿದ ದಿನ ಅವನ ಮೊದಲ ಎದುರಾಳಿ ವಿಯೆಟ್ನಾಮಿನ ಲಾನ್ ಎಂಬ ಹುಡುಗಿ ಎಂದು ಗೊತ್ತಾಯಿತು. ಇಪ್ಪತ್ಮೂರು ವರ್ಷ, ಕಡ್ಡಿಯಂಥ ಮೈಕಟ್ಟು. ಚಿದಾನಂದ ಒಳಗೊಳಗೇ ಬನಶಂಕರಮ್ಮನಿಗೆ ಕೈಮುಗಿದ. ಛತ್ರದ ಪ್ರಚಾರದ ಕೆಲಸವನ್ನೆಲ್ಲ ಮೊಬೈಲಿನಲ್ಲೇ ನೋಡಿಕೊಳ್ಳುತ್ತಿದ್ದ ಮಗಳು ಐಶ್ವರ್ಯ, ಈ ಹುಡುಗಿ ಹೋದ ವರ್ಷ ವಿಶ್ವ ಪಂದ್ಯಾವಳಿಯಲ್ಲಿ ಎಂಟರ ಘಟ್ಟದವರೆಗೆ ಬಂದವಳು ಎಂದು ತೋರಿಸಿದಳು. ಅದು ಹೆಂಗಸರಲ್ಲಿ ಇರಬೇಕು ಬಿಡು ಎಂದ ಚಿದಾನಂದ. ಅಲ್ಲಪ್ಪ, ಗಂಡಸರನ್ನೂ ಸೇರಿಸಿ ಎಂದಳು ಮಗಳು. ಚಿದಾನಂದನಿಗೆ ಆ ಹೊತ್ತಿಗೆ ಯಾವುದೋ ಫೋನ್ ಬಂತು.

ಪಂದ್ಯದ ಹಿಂದಿನ ದಿನ ಅವನ ಹೆಂಡತಿ ಜಯಶೀಲಾ ಆ ಹುಡುಗಿಯನ್ನು ಊಟಕ್ಕೆ ಮನೆಗೇ ಕರೆದಳು. ಲಾನ್ ಮೂರು ಹೋಳಿಗೆ ತಿಂದು, ನಾಲ್ಕನೆಯದಕ್ಕೂ ತಟ್ಟೆ ಒಡ್ಡಿದಳು. ಜಯಶೀಲಾಳ ಕರುಳು ಚುರ್ ಎಂದಿತು. ಸಂಜೆ ಗಂಡನ ಹತ್ತಿರ ಬಂದು ಕೂತಳು.

"ಆ ಮಗೂನ ತುಂಬಾ ಸೋಲಿಸ್ಬೇಡಿ ಕಣ್ರೀ. ಅಷ್ಟು ದೂರದಿಂದ ಒಬ್ಳೇ ಬಂದಿದೆ."

"ಆಟ ಅಂದ್ಮೇಲೆ ಆಟ ಕಣೆ," ಎಂದ ಚಿದಾನಂದ. "ನೋಡೋಣ, ಒಂದೆರಡು ಬಿಟ್ಕೊಡ್ತೀನಿ."

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ. ಬೇರೆ ಮೇಜುಗಳ ಮುಂದೆ ಹತ್ತಿಪ್ಪತ್ತು ಜನ ಇದ್ದರೆ ಚಿದಾನಂದನ ಮೇಜಿನ ಸುತ್ತ ಮುನ್ನೂರು ಜನ. ಎಲ್ಲರೂ ನೆಂಟರು, ಅಂಗಡಿಯವರು, ಬಡಾವಣೆಯ ಸಂಘದವರು. ಆಟ ಗೊತ್ತಿದ್ದವರು ಮೂವರೋ ನಾಲ್ವರೋ. ಉಳಿದವರಿಗೆಂದು ಐಶ್ವರ್ಯ ಮೈಕಿನಲ್ಲಿ ವಿವರಿಸಿದಳು. ಮೇಜಿನ ಮೇಲೆ ಒಂಬತ್ತು ಚೆಂಡು. ಬಿಳಿ ಚೆಂಡಿನಿಂದ ಯಾವಾಗಲೂ ಅತಿ ಚಿಕ್ಕ ನಂಬರಿನ ಚೆಂಡಿಗೆ ಮೊದಲು ತಗುಲಿಸಬೇಕು. ಚೆಂಡು ಗುಂಡಿಗೆ ಬೀಳುತ್ತಿರುವ ತನಕ ಆಡುವವರ ಸರದಿ ಮುಗಿಯುವುದಿಲ್ಲ. ಒಂಬತ್ತನೆಯದನ್ನು ಗುಂಡಿಗೆ ಹಾಕಿದವರಿಗೆ ಆ ಸುತ್ತು. ಒಂಬತ್ತು ಸುತ್ತು ಮೊದಲು ಗೆದ್ದವರಿಗೆ ಪಂದ್ಯ. ಸುತ್ತು ಗೆದ್ದವರೇ ಮುಂದಿನ ಸುತ್ತು ಶುರು ಮಾಡುವುದು. ನೆಂಟರು ತಲೆಯಾಡಿಸಿ ಮತ್ತೆ ಮಾತಿಗೆ ತೊಡಗಿದರು.

ಚಿದಾನಂದ ರೇಷ್ಮೆ ಜುಬ್ಬಾ ತೊಟ್ಟು ಬಂದಿದ್ದ. ಟಾನ್ ಹುಬ್ಬು ಗಂಟಿಕ್ಕಿದಾಗ ಇದು ನಮ್ಮ ರಾಷ್ಟ್ರೀಯ ಉಡುಪು ಎಂದು ಬಾಯಿ ಮುಚ್ಚಿಸಿದ್ದ. ಯಾರು ಶುರು ಮಾಡಬೇಕೆಂದು ತೀರ್ಮಾನಿಸಲು ಇಬ್ಬರೂ ಒಂದೊಂದು ಚೆಂಡನ್ನು ಆ ಬದಿಗೆ ಹೊಡೆದು ಈ ಬದಿಗೆ ಬರಿಸಬೇಕು, ಈ ಅಂಚಿಗೆ ಹತ್ತಿರ ನಿಲ್ಲಿಸಿದವರಿಗೆ ಮೊದಲ ಸರದಿ. ಲಾನ್‌ಳ ಚೆಂಡು ಬಂದು ಅಂಚಿಗೆ ಒರಗಿ ನಿಂತಿತು. ಚಿದಾನಂದನದು ಅರ್ಧ ದಾರಿಗೆ ಬಂದು ಸುಸ್ತಾಯಿತು. ಲಾನ್ ಆಟ ಶುರು ಮಾಡಿದಳು. ಚಿದಾನಂದ ಕುರ್ಚಿಯಲ್ಲಿ ಕೂತ.

ಕೂತವನು ಕೂತೇ ಇದ್ದ. ಹುಡುಗಿ ಮೊದಲ ಸುತ್ತನ್ನು ಮುಗಿಸಿದಳು, ಎರಡನೆಯದನ್ನು ಮುಗಿಸಿದಳು, ಮೂರು, ನಾಲ್ಕು. ಚಿದಾನಂದ ಕಾಲ ಮೇಲೆ ಕಾಲು ಹಾಕಿದ, ಇಳಿಸಿದ, ಕೋಲಿನ ತುದಿಗೆ ನೀಲಿ ಸೀಮೆಸುಣ್ಣ ತಿಕ್ಕಿದ, ಇನ್ನೊಮ್ಮೆ ತಿಕ್ಕಿದ. ಹಿಂದಿನ ಸಾಲಿನಲ್ಲಿ ಅವನ ಸೋದರತ್ತೆಯರ ಮಾತು ಕಿವಿಗೆ ಬೀಳುತ್ತಿತ್ತು. ನೋಡು, ನಮ್ಮ ಚಿದು ಹೇಗೆ ಅಧ್ಯಕ್ಷನ ಹಾಗೆ ಕೂತುಬಿಟ್ಟಿದ್ದಾನೆ, ಆ ಹುಡುಗಿ ಪಾಪ ಮೇಜು ಸುತ್ತಿ ಸುತ್ತಿ ಸಾಯುತ್ತಿದೆ ಎಂದು ಒಬ್ಬರು ಮರುಗಿದರು. ಎದ್ದು ಒಂದು ಕೈ ಹಿಡಿಯಬಾರದೇ ಇವನು ಎಂದರು ಇನ್ನೊಬ್ಬರು.

ಐದನೇ ಸುತ್ತಿನಲ್ಲಿ ಅವನಿಗೊಂದು ಅವಕಾಶ ಸಿಕ್ಕಿತು. ಬಿಳಿ ಚೆಂಡನ್ನೇ ಗುಂಡಿಗೆ ಹಾಕಿ ಕೂತ. ಏಳನೆಯದರಲ್ಲಿ ಇನ್ನೊಂದು ಸಿಕ್ಕಿತು. ಯಾವ ಚೆಂಡಿಗೂ ತಗುಲಿಸದೆ ಕೂತ. ಎಂಟು ಸೊನ್ನೆ ಆದಾಗ ಸುತ್ತಿನ ಮೊದಲ ಹೊಡೆತಕ್ಕೆ ಲಾನ್ ಚದುರಿಸಿದ ಚೆಂಡುಗಳಲ್ಲಿ ಒಂದೂ ಗುಂಡಿಗೆ ಬೀಳಲಿಲ್ಲ. ಚಿದಾನಂದ ಎದ್ದು ನೋಡಿದರೆ ಒಂದನೇ ಚೆಂಡಿನ ಹಿಂದೆಯೇ ಒಂಬತ್ತನೆಯದು, ಅದರ ಹಿಂದೆಯೇ ಮೂಲೆಯ ಗುಂಡಿ. ಒಂದಕ್ಕೆ ಹೊಡೆದರೆ ಒಂಬತ್ತು ತಾನಾಗಿ ಒಳಗೆ ಹೋಗುತ್ತದೆ. ಮೇಜಿನ ಮೇಲೆ ಬಾಗಿದ. ಬಾಗುವಾಗ ಜುಬ್ಬಾದ ತೋಳು ನಾಲ್ಕನೇ ಚೆಂಡನ್ನು ಸವರಿತು. ಚೆಂಡು ಹೆಬ್ಬೆರಳಿನಗಲ ಪಕ್ಕಕ್ಕೆ ಸರಿಯಿತು. ಬಟ್ಟೆ ಚೆಂಡಿಗೆ ತಗುಲಿದರೆ ಸರದಿ ಹೋಯಿತು, ಇದನ್ನು ಮೌನೇಶ ಹತ್ತು ದಿನ ಹತ್ತು ಸಲ ಹೇಳಿದ್ದ. ರೆಫರಿ ಆ ಬದಿಯಲ್ಲಿದ್ದರು, ಅವರಿಗೆ ಕಂಡಿರಲಿಲ್ಲ. ಚಿದಾನಂದ ಕಣ್ಣೆತ್ತಿದ. ಲಾನ್ ತನ್ನ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತ ಇತ್ತಲೇ ನೋಡುತ್ತಿದ್ದಳು. ಅವನು ಕಣ್ಣಿಳಿಸಿ ಹೊಡೆದ. ಒಂಬತ್ತನೇ ಚೆಂಡು ಗುಂಡಿಗೆ ಬಿತ್ತು.

ಮುನ್ನೂರು ಜನ ಎದ್ದು ನಿಂತರು. ಅಂಗಡಿಯ ಹುಡುಗರು ಸಿಳ್ಳೆ ಹಾಕಿದರು. ಸೋದರತ್ತೆಯರು ನೆಟಿಕೆ ತೆಗೆದರು. ಸುತ್ತು ಗೆದ್ದವನೇ ಶುರು ಮಾಡಬೇಕಾದ್ದರಿಂದ ಚಿದಾನಂದ ಇದ್ದ ಬಲವನ್ನೆಲ್ಲ ಹಾಕಿ ಮೊದಲ ಹೊಡೆತ ಹೊಡೆದ. ಬಿಳಿ ಚೆಂಡು ಮೇಜು ಬಿಟ್ಟು ಹಾರಿ, ಬದಿಗೆ ಸರಿಸಿಟ್ಟಿದ್ದ ವಧೂವರರ ಕುರ್ಚಿಗಳ ಕೆಳಗೆ ಹೋಗಿ ಅವಿತುಕೊಂಡಿತು. ಅದನ್ನು ಹುಡುಕಿ ತರುವುದಕ್ಕೆ ಹಿಡಿದ ಸಮಯಕ್ಕಿಂತ ಕಡಿಮೆ ಸಮಯದಲ್ಲಿ ಲಾನ್ ಪಂದ್ಯ ಮುಗಿಸಿದಳು. ಒಂಬತ್ತು ಒಂದು.

ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿದಾನಂದ ತಾನೇ ಬರೆದು ಹಾಕಿದ: ಅಂತರರಾಷ್ಟ್ರೀಯ ಆಟಗಾರ್ತಿಗೆ ತೀವ್ರ ಪೈಪೋಟಿ, ಒಂಬತ್ತು ಒಂದರ ರೋಚಕ ಅಂತ್ಯ. ಅರೆಕೆರೆಯಲ್ಲಿದ್ದ ಷಡ್ಡಕ ಕೂಡಲೇ ಕೇಳಿದ, ಇದರಲ್ಲಿ ಒಂಬತ್ತು ಯಾರದು ಅಂತ. ಹದಿನೇಳು ಜನ ಅದಕ್ಕೆ ನಗುವ ಮುಖ ಒತ್ತಿದರು.

ಆ ಮಧ್ಯಾಹ್ನವೆಲ್ಲ ಚಿದಾನಂದ ಆಫೀಸು ಕೋಣೆಯಲ್ಲಿ ಕೂತು ಯೋಚಿಸಿದ. ಸೋತಿದ್ದು ಸೋತಾಯಿತು. ಆದರೆ ಯಾರಿಗೆ ಸೋತೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಆ ಹುಡುಗಿ ಇಡೀ ಚಾಂಪಿಯನ್‌ಶಿಪ್ ಗೆದ್ದುಬಿಟ್ಟರೆ? ಆಗ ತಾನು ಸೋತಿದ್ದು ಜಗತ್ತಿನ ಚಾಂಪಿಯನ್ನಿಗೆ. ಅವಳ ಮೇಲೆ ಒಂದು ಸುತ್ತು ಗೆದ್ದವನು ಬನಶಂಕರಿಯಲ್ಲಿ ಇನ್ನು ಯಾರಿದ್ದಾನೆ? ಹೀಗೆ ಯೋಚನೆ ಬಂದದ್ದೇ ಚಿದಾನಂದ ಲಾನ್‌ಳ ಅತಿ ದೊಡ್ಡ ಅಭಿಮಾನಿಯಾದ. ಅವಳ ಕುರ್ಚಿಯ ಹತ್ತಿರ ಇನ್ನೊಂದು ಏಸಿ ಇಡಿಸಿದ. ಬೆಳಿಗ್ಗೆ ಬಾದಾಮಿ ಹಾಲು ಕಳಿಸಿದ, ಮೊಣಕೈಗೆ ಐಸು ಕಳಿಸಿದ. ಬುಧವಾರ ಅವಳು ಜರ್ಮನಿಯವನನ್ನು ಸೋಲಿಸಿದಳು. ಗುರುವಾರ ಬೆಳಿಗ್ಗೆ ಜಪಾನಿನವನನ್ನು, ಸಂಜೆ ಹೋದ ವರ್ಷದ ಚಾಂಪಿಯನ್ನನ್ನೇ ಸೋಲಿಸಿದಳು. ಪ್ರತಿ ಗೆಲುವಿಗೂ ಚಿದಾನಂದನ ಸೋಲು ಒಂದು ಮೆಟ್ಟಿಲು ಮೇಲಕ್ಕೇರಿತು. ಗುರುವಾರ ಸಂಜೆ ಪತ್ರಕರ್ತರೊಬ್ಬರಿಗೆ ಅವನು, ನನ್ನ ಮೇಲೆ ಆಡಿದಾಗಲೇ ಈಕೆಯಲ್ಲಿ ಏನೋ ಇದೆ ಅಂತ ಗೊತ್ತಾಗಿತ್ತು ಎಂದು ಹೇಳಿಕೆಯನ್ನೂ ಕೊಟ್ಟ.

ಶುಕ್ರವಾರ ಸೆಮಿಫೈನಲ್. ಅದೇ ದಿನ ಮೇಲಿನ ಚಿಕ್ಕ ಹಾಲಿನಲ್ಲಿ ಮೊದಲೇ ನಿಗದಿಯಾಗಿದ್ದ ಒಂದು ಮದುವೆಯಿತ್ತು. ಅರೆಕೆರೆಯ ಬಟ್ಟೆ ವ್ಯಾಪಾರಿ ಪರಮಶಿವಯ್ಯನವರ ಮಗಳದು. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ ಇದ್ದುದರಿಂದ ಮುಹೂರ್ತ ಹನ್ನೆರಡೂ ಹತ್ತಕ್ಕೆ. ಪಂದ್ಯ ನಡೆಯುವಾಗ ವಾಲಗ ಊದಬಾರದು, ಗಟ್ಟಿಮೇಳದ ಹೊತ್ತಿಗೆ ಬೇಕಾದರೆ ಆಟ ನಿಲ್ಲಿಸೋಣ ಎಂದು ಟಾನ್ ಮೊದಲೇ ಒಪ್ಪಂದ ಮಾಡಿಕೊಂಡಿದ್ದ. ಗಟ್ಟಿಮೇಳಕ್ಕೆ ಈ ಛತ್ರದಲ್ಲಿ ಒಂದು ವಿಶೇಷ ವ್ಯವಸ್ಥೆಯಿತ್ತು. ವಾಲಗದವರು ಕೂರುವ ಮೆಟ್ಟಿಲ ಮಧ್ಯದ ಕಟ್ಟೆಯಿಂದ ಮಂಟಪ ಕಾಣುತ್ತಿರಲಿಲ್ಲ. ಅದಕ್ಕೆ ಚಿದಾನಂದ ಅಲ್ಲೊಂದು ಕೆಂಪು ದೀಪ ಹಾಕಿಸಿದ್ದ. ಶಾಸ್ತ್ರಿಗಳು ಮಂಟಪದ ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿತ್ತು, ದೀಪ ಹತ್ತಿದರೆ ವಾಲಗದವರು ಗಟ್ಟಿಯಾಗಿ ಬಾರಿಸುತ್ತಿದ್ದರು. ಎರಡನೇ ಸ್ವಿಚ್ಚು ಕೆಳಗೆ ಆಫೀಸು ಕೋಣೆಯಲ್ಲಿತ್ತು.

ಲಾನ್‌ಗೆ ಎದುರಾಗಿ ಪೋಲೆಂಡಿನ ಆಜಾನುಬಾಹು ಒಬ್ಬ ಆಡುತ್ತಿದ್ದ. ಹನ್ನೊಂದೂ ಮುಕ್ಕಾಲಿಗೆ ಎಂಟು ಎಂಟು. ಕೊನೆಯ ಸುತ್ತು. ಅದರಲ್ಲೂ ಆತ ಎಲ್ಲ ಚೆಂಡುಗಳನ್ನು ಹಾಕಿ ಮುಗಿಸಿ, ಮೇಜಿನ ಮೇಲೆ ಒಂಬತ್ತನೆಯದೊಂದೇ ಉಳಿದಿತ್ತು. ಉದ್ದದ ಹೊಡೆತವಾದರೂ ನೇರವಾಗಿತ್ತು. ಲಾನ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

ಚಿದಾನಂದ ಆಫೀಸು ಕೋಣೆಯಲ್ಲಿ, ಗಾಜಿನ ಹಿಂದೆ, ಸ್ವಿಚ್ಚಿನ ಫಲಕದ ಪಕ್ಕದಲ್ಲೇ ನಿಂತಿದ್ದ. ತಾನು ಯೋಚಿಸಿ ಮಾಡಿದ್ದಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಪೋಲೆಂಡಿನವನು ಬಾಗಿ, ಕೋಲನ್ನು ಹಿಂದಕ್ಕೆಳೆದು, ಒಂದು ಗಳಿಗೆ ತಡೆದು ನಿಲ್ಲಿಸಿದ್ದನ್ನು ಅವನು ನೋಡಿದ್ದ. ಸರಿಯಾಗಿ ಆ ಗಳಿಗೆಗೇ ಅವನ ಬೆರಳು ಒತ್ತಿತು.

ಡೋಲು, ನಾಗಸ್ವರ, ತಾಳ ಒಟ್ಟಿಗೆ ಸಿಡಿದವು. ಪೋಲೆಂಡಿನವನ ಭುಜ ಜಿಗಿಯಿತು. ಒಂಬತ್ತನೇ ಚೆಂಡು ಗುಂಡಿಯ ಎರಡೂ ದವಡೆಗೆ ಬಡಿದು, ಬಾಯಂಚಿಗೆ ಬಂದು ಜೋತುಕೊಂಡು ನಿಂತಿತು. ಉಸಿರು ಬಿಟ್ಟರೂ ಬೀಳುವ ಹಾಗಿತ್ತು.

ಲಾನ್ ಎದ್ದು ಬಂದಳು. ಚೆಂಡನ್ನು ನೋಡಿದಳು, ಸೂರಿನತ್ತ ನೋಡಿದಳು. ಆಮೇಲೆ ಕೋಲನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಟಾನ್‌ನನ್ನು ಕರೆದಳು. ಹೊರಗಿನ ಸದ್ದಿನಿಂದ ಹೊಡೆತ ಕೆಟ್ಟಿದೆ, ಚೆಂಡುಗಳನ್ನು ಮೊದಲಿದ್ದಲ್ಲೇ ಇಟ್ಟು ಆತನಿಗೇ ಇನ್ನೊಮ್ಮೆ ಹೊಡೆಯಲು ಬಿಡಿ ಎಂದಳು. ಟಾನ್ ಪುಸ್ತಕ ತೆರೆದು, ರೆಫರಿಯ ಜೊತೆ ಮಾತಾಡಿ, ಹಾಗೇ ಆಗಲಿ ಎಂದ. ವಾಲಗ ನಿಲ್ಲುವ ತನಕ ಎಲ್ಲರೂ ಕಾದರು. ಪೋಲೆಂಡಿನವನು ಮತ್ತೆ ಬಾಗಿ, ಚೆಂಡನ್ನು ಗುಂಡಿಯ ನಡುಮಧ್ಯಕ್ಕೆ ಹಾಕಿ, ಕೋಲು ಬಿಟ್ಟು ಬಂದು ಅವಳನ್ನು ತಬ್ಬಿಕೊಂಡ. ಹಾಲಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಗಾಜಿನ ಹಿಂದೆ ಚಿದಾನಂದ, ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ ಎಂದು, ತಾನೂ ತಟ್ಟಿದ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಮೆಟ್ಟಿಲ ಮೇಲೆ ಗದ್ದಲ ಕೇಳಿಸಿತು. ವಧುವಿನ ತಂದೆ ಪರಮಶಿವಯ್ಯ ಪೇಟ ಕೈಯಲ್ಲಿ ಹಿಡಿದುಕೊಂಡು ಇಳಿದು ಬಂದರು, ಹಿಂದೆ ಅರ್ಧ ದಿಬ್ಬಣ. ಮೇಲೆ ನಡೆದದ್ದು ಇಷ್ಟು. ಶಾಸ್ತ್ರಿಗಳು ರಾಹುಕಾಲ ಕಳೆಯಲಿ ಎಂದು ಮೂಲೆಯಲ್ಲಿ ಫೋನಿನಲ್ಲಿ ಮಾತಾಡುತ್ತ ಕೂತಿದ್ದರು. ವರ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಸೈರನ್ ಕೂಗಿದರೆ ಮರುಮಾತಿಲ್ಲದೆ ಕೆಲಸಕ್ಕೆ ಇಳಿದು ಅಭ್ಯಾಸ. ಗಟ್ಟಿಮೇಳ ಮೊಳಗಿದ್ದೇ ತಡ, ತಟ್ಟೆಯಲ್ಲಿದ್ದ ತಾಳಿಯನ್ನು ಎತ್ತಿ ಮೂರು ಗಂಟು ಹಾಕಿಬಿಟ್ಟಿದ್ದ. ಅಕ್ಕಿ ಕಾಳು ಹಾಕಲು ಯಾರ ಕೈಯಲ್ಲೂ ಅಕ್ಕಿಯಿರಲಿಲ್ಲ.

"ರಾಹುಕಾಲದಲ್ಲಿ ನನ್ ಮಗಳಿಗೆ ತಾಳಿ ಬಿತ್ತು," ಎಂದರು ಪರಮಶಿವಯ್ಯ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅನಿಸಿತು ಚಿದಾನಂದನಿಗೆ. "ಊದಿ ಅಂತ ಹೇಳಿದ್ ಯಾರು, ಅಷ್ಟು ಗೊತ್ತಾಗ್ಬೇಕು ನಂಗೆ."

ಚಿದಾನಂದ ವಾಲಗದ ಮುಖಂಡ ಲಕ್ಕಪ್ಪನ ಕಡೆ ಕೈ ತೋರಿಸಿದ. ಇವರೇ ಏನೋ ಆತುರಪಟ್ಟಿರಬೇಕು, ಊಟದ ಹೊತ್ತಾಯಿತಲ್ಲ, ಇನ್ನು ಮೇಲೆ ಇವರನ್ನು ನಮ್ಮ ಛತ್ರಕ್ಕೆ ಸೇರಿಸುವುದಿಲ್ಲ ಎಂದ. ಲಕ್ಕಪ್ಪ ಗೋಕಾಕ ಕಡೆಯವನು, ಇಪ್ಪತ್ತು ವರ್ಷದಿಂದ ಬೆಂಗಳೂರಿನ ಛತ್ರಗಳಲ್ಲಿ ಊದುತ್ತಿದ್ದವನು. ನಾಗಸ್ವರವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಅವನು ಹೇಳಿದ:

"ಕೆಂಪ್ ಲೈಟ್ ಹತ್ತಿತ್ರಿ, ಊದಿದ್ವಿ. ಲೈಟ್ ಹತ್ತಲಾರ್ದ ಇಷ್ಟ್ ವರ್ಷದಾಗ ಒಮ್ಮಿನೂ ಊದಿಲ್ರಿ ನಾನು."

ಶಾಸ್ತ್ರಿಗಳು ತಾವು ಸ್ವಿಚ್ಚಿನ ಹತ್ತಿರವೂ ಇರಲಿಲ್ಲ ಎಂದು ಪ್ರಮಾಣ ಮಾಡಿದರು. ಅಲ್ಲಿದ್ದವರೆಲ್ಲ ಇನ್ನೊಂದು ಸ್ವಿಚ್ಚು ಎಲ್ಲಿದೆ ಎಂದು ಕೇಳುವ ಮೊದಲೇ ಜಯಶೀಲಾ ಗಂಡನ ಮುಖ ನೋಡಿದ್ದಳು. ಇಪ್ಪತ್ತೈದು ವರ್ಷ ಆ ಮುಖವನ್ನು ಓದಿದವಳು, ಮತ್ತೆ ಓದುವುದು ಏನೂ ಉಳಿದಿರಲಿಲ್ಲ. ಐಶ್ವರ್ಯ ಮೊಬೈಲನ್ನು ಬೆನ್ನ ಹಿಂದೆ ಅಡಗಿಸಿದಳು. ಆದರೆ ಪಂದ್ಯ ನೇರಪ್ರಸಾರವಾಗುತ್ತಿತ್ತು. ಪೋಲೆಂಡಿನವನ ಹಿಂದೆ ಗಾಜು, ಗಾಜಿನ ಹಿಂದೆ ಹಳದಿ ಜುಬ್ಬಾದ ಮನುಷ್ಯನೊಬ್ಬ ಕೈ ಎತ್ತಿ ಫಲಕ ಒತ್ತುವುದು ಅದರಲ್ಲಿ ಸ್ಪಷ್ಟವಾಗಿತ್ತು. ಆ ಹಳದಿ ಮನುಷ್ಯ ಯಾರು ಎಂದು ಮನಿಲಾದಿಂದ ವಾರ್ಸಾವರೆಗೆ ಜನ ಆಗಲೇ ಕೇಳತೊಡಗಿದ್ದರು. ಫ್ಲೆಕ್ಸ್‌ಗಳಿಂದ ಆಗದ ಕೆಲಸ ಒಂದು ಸ್ವಿಚ್ಚಿನಿಂದ ಆಗಿತ್ತು.

ಎರಡು ತೀರ್ಪುಗಳು ಅಲ್ಲೇ ಹೊರಬಿದ್ದವು. ಟಾನ್ ಪುಸ್ತಕದಿಂದ ಒಂದು ಸಾಲು ಓದಿ, ಫೈನಲ್ ಮುಗಿಯುವ ತನಕ ಛತ್ರದ ಮಾಲೀಕರು ಕೆಳಗಿನ ಹಾಲಿಗೆ ಕಾಲಿಡಬಾರದು ಎಂದ. ಪರಮಶಿವಯ್ಯ ಪುಸ್ತಕವಿಲ್ಲದೆಯೇ ಹೇಳಿದರು. ಭಾನುವಾರ ಬೆಳಿಗ್ಗೆ ಒಳ್ಳೆಯ ಮುಹೂರ್ತವಿದೆ, ಇದೇ ಛತ್ರದಲ್ಲಿ ಮತ್ತೆ ಧಾರೆ ಆಗುತ್ತದೆ, ಅಡಿಗೆಯಿಂದ ಎಲೆ ಎತ್ತುವ ತನಕ ಚಿದಾನಂದ್ ಅವರೇ ಮುಂದೆ ನಿಂತು ಮಾಡಿಸಬೇಕು, ಊದುವುದು ಮಾತ್ರ ಲಕ್ಕಪ್ಪನೇ.

ಸಂಜೆ ಚಿದಾನಂದ ಲಾನ್‌ಳನ್ನು ಹುಡುಕಿಕೊಂಡು ಹೋದ. ಹಿಂಬದಿಯ ಶೆಡ್ಡಿನಲ್ಲಿ ಹಾಕಿದ್ದ ಅಭ್ಯಾಸದ ಮೇಜಿನಲ್ಲಿ ಅವಳು ಮೌನೇಶನ ಜೊತೆ ಆಡುತ್ತಿದ್ದಳು. ಮೂರು ದಿನದಿಂದ ಇಬ್ಬರೂ ಹೀಗೆ ಆಡುತ್ತಿದ್ದರಂತೆ. ಗೋಡೆಯ ಹಲಗೆಯ ಮೇಲೆ ಬರೆದಿದ್ದ ಲೆಕ್ಕದಲ್ಲಿ ಮೌನೇಶನದೇ ಒಂದು ಸುತ್ತು ಮುಂದಿತ್ತು. ಚಿದಾನಂದ ತನ್ನ ಇಂಗ್ಲಿಷಿನಲ್ಲಿ, ತಾನು ಮಾಡಿದ್ದೆಲ್ಲ ಅವಳಿಗಾಗಿಯೇ, ಅವಳು ತನಗೆ ಮಗಳಿದ್ದ ಹಾಗೆ, ಆ ಚೆಂಡನ್ನು ಅವಳು ಹಾಕಬಹುದಾಗಿತ್ತು ಎಂದು ಹೇಳಿದ. ಲಾನ್ ಕೋಲಿಗೆ ಒರಗಿ ಕೇಳಿಸಿಕೊಂಡಳು. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ. ಒಂದೊಂದೇ ಮಾತನ್ನು ಆರಿಸಿ ಜೋಡಿಸಿದಳು. ಮಂಗಳವಾರ ನಿಮ್ಮ ತೋಳು ನಾಲ್ಕನೇ ಚೆಂಡಿಗೆ ತಗುಲಿತು, ನಾನು ನೋಡಿದೆ, ನೀವು ನನ್ನನ್ನು ನೋಡಿದಿರಿ. ನಿಮ್ಮ ಮನೆಯಲ್ಲಿ ಊಟ ಮಾಡಿದ್ದೆ, ನಿಮ್ಮವರೆಲ್ಲ ಬಂದಿದ್ದರು, ಅದಕ್ಕೇ ಹೋಗಲಿ ಎಂದು ಬಿಟ್ಟೆ. ಅದು ನಿಮಗೆ ಆಟ. ಇದು ನನ್ನ ಕೆಲಸ.

ಚಿದಾನಂದ ಮೌನೇಶನ ಕಡೆ ನೋಡಿದ. ಮೌನೇಶ ಬಹಳ ಮುತುವರ್ಜಿಯಿಂದ ಕೋಲಿನ ತುದಿಗೆ ಸೀಮೆಸುಣ್ಣ ಹಚ್ಚುತ್ತಿದ್ದ.

"ನೀನೂ ನೋಡಿದ್ಯಾ?" ಎಂದು ಕೇಳಿದ ಚಿದಾನಂದ.

"ನೋಡಿದ್ನಿರಿ," ಎಂದ ಮೌನೇಶ. "ನೀವ್ ಕೇಳಲಿಲ್ಲ, ನಾ ಹೇಳಲಿಲ್ಲ."

ಎರಡು ದಿನ ಜಯಶೀಲಾ ಊಟಕ್ಕೆ ಬಡಿಸಿದಳು, ಮಾತು ಬಡಿಸಲಿಲ್ಲ. ಶನಿವಾರ ಬೆಳಿಗ್ಗೆ ಅವನು ಗಾಂಧಿಬಜಾರಿಗೆ ಹೋಗಿ ತಾನೇ ನಿಂತು ಹೂವು, ಬಾಳೆಯೆಲೆ ಆರಿಸಿದ. ಬರುವಾಗ ದಾರಿಯಲ್ಲಿ ಕಾರ್ಪೊರೇಷನ್ನಿನ ಲಾರಿಗೆ ಅವನ ಫ್ಲೆಕ್ಸ್‌ಗಳನ್ನು ಸುತ್ತಿ ಸುತ್ತಿ ಎಸೆಯುತ್ತಿದ್ದರು. ಕಾರಿನ ಗಾಜು ಏರಿಸಿಕೊಂಡ.

ಭಾನುವಾರ ಕೆಳಗೆ ಫೈನಲ್, ಮೇಲೆ ಮದುವೆ. ಪೋಲೆಂಡಿನವನಿಗೂ ಫಿಲಿಪ್ಪೀನ್ಸಿನ ಹಳೆಯ ಹುಲಿಯೊಬ್ಬನಿಗೂ ಪಂದ್ಯ. ಚಿದಾನಂದ ಕೆಳಗಿನ ಹಾಲಿನ ಮುಚ್ಚಿದ ಬಾಗಿಲ ಮುಂದೆ ಹಾದು, ಹಿಂದಿನ ಮೆಟ್ಟಿಲಿಂದ ಮೇಲೆ ಹೋದ. ಬಂದವರಿಗೆಲ್ಲ ಕೈಮುಗಿದ, ಪನ್ನೀರು ಎರಚಿದ, ಕಲ್ಲುಸಕ್ಕರೆ ಕೊಟ್ಟ. ಮುಹೂರ್ತದ ಹೊತ್ತಿಗೆ ಕೆಳಗೆ ಐದು ನಿಮಿಷ ಆಟ ನಿಲ್ಲಿಸಿದರು. ಶಾಸ್ತ್ರಿಗಳು ಗಡಿಯಾರ ನೋಡಿ ಸ್ವಿಚ್ಚು ಒತ್ತಿದರು, ಲಕ್ಕಪ್ಪ ಊದಿದ. ವರ ಮಾತ್ರ ತಾಳಿ ಹಿಡಿದುಕೊಂಡು ಕೂತೇ ಇದ್ದ. ಕಟ್ಟಪ್ಪ ಅಂದರು ಶಾಸ್ತ್ರಿಗಳು. ಈಗಲೇನಾ ಎಂದು ಕೇಳಿದ. ಹೂಂ ಅಂದರು. ಮಾವನವರನ್ನು ಕೇಳಿದ. ಅವರೂ ಹೂಂ ಅಂದರು. ವಧುವೇ ಕೊನೆಗೆ, ಕಟ್ರೀ ಬೇಗ, ಕತ್ತು ನೋಯ್ತಿದೆ ಎಂದ ಮೇಲೆ ಕಟ್ಟಿದ. ಅಷ್ಟು ಹೊತ್ತೂ ಲಕ್ಕಪ್ಪ ಉಸಿರು ಬಿಡದೆ ಊದಿದ.

ಮೊದಲ ಪಂಕ್ತಿಗೆ ಎಲೆ ಹಾಕಿದಾಗ ಕೆಳಗಿನಿಂದ ದೊಡ್ಡದೊಂದು ಹರ್ಷೋದ್ಗಾರ ಎದ್ದಿತು. ಯಾರು ಗೆದ್ದರೋ ತಿಳಿಯಲಿಲ್ಲ. ಚಿದಾನಂದ ಪಾಯಸದ ಬಕೀಟು ಹಿಡಿದು ಅತ್ತ ಇತ್ತ ನೋಡಿದ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದ. ಅವರಿಗೆ ಕೆಳಗೆ ಏನೋ ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಪಾಯಸಕ್ಕೆ ಗೋಡಂಬಿ ಸಾಲದು ಎಂದರು.

ಎರಡನೇ ಪಂಕ್ತಿಗೆ ಜಯಶೀಲಾ ಲಾನ್‌ಳ ಕೈ ಹಿಡಿದು ಕರೆದುಕೊಂಡು ಬಂದಳು, ಜೊತೆಗೆ ಮೌನೇಶ. ಮೂವರೂ ಸಾಲಾಗಿ ಕೂತರು. ಲಾನ್‌ಗೆ ಅವತ್ತೇ ವಿಮಾನ. ಚಿದಾನಂದ ಬಡಿಸುತ್ತ ಬಡಿಸುತ್ತ ಅವರ ಎಲೆಗಳವರೆಗೆ ಬಂದು, ಕೆಳಗೆ ಯಾರು ಗೆದ್ದರು ಎಂದು ಮೆಲ್ಲಗೆ ಕೇಳಿದ.

ಫಿಲಿಪ್ಪೀನ್ಸಿನವರು ಎಂದಳು ಲಾನ್. ಪೋಲೆಂಡಿನವನಿಗೆ ನಾಲ್ಕೇ ಸುತ್ತು ಸಿಕ್ಕಿತಂತೆ. ಹಾಗೆಂದರೆ ತನ್ನನ್ನು ಸೋಲಿಸಿದವಳನ್ನು ಸೋಲಿಸಿದವನೂ ಸೋತ ಎಂದು ಚಿದಾನಂದನ ತಲೆ ತಾನಾಗಿ ಲೆಕ್ಕ ಹಾಕಿತು. ಆ ಲೆಕ್ಕ ಎಲ್ಲಿಗೂ ಹೋಗಿ ಮುಟ್ಟಲಿಲ್ಲ. ಲಾನ್ ಇನ್ನೊಂದು ಸುದ್ದಿಯನ್ನೂ ಹೇಳಿದಳು. ಮೌನೇಶನ ಆಟವನ್ನು ಟಾನ್ ಶೆಡ್ಡಿಗೇ ಬಂದು ಎರಡು ಗಂಟೆ ನೋಡಿದ್ದನಂತೆ. ಜೂನಿನಲ್ಲಿ ಹನೋಯಿಯಲ್ಲಿ ನಡೆಯುವ ಪಂದ್ಯಾವಳಿಗೆ ಅವನಿಗೆ ಕರೆ ಬಂದಿದೆ. ತನ್ನ ತಾಯಿಯ ಮನೆಯಲ್ಲೇ ಉಳಿದುಕೊಳ್ಳಲಿ ಎಂದಳು.

ಮೌನೇಶ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಒಳ್ಳೇದಾಯ್ತು ಮಗಾ ಎನ್ನಬೇಕೆಂದು ಚಿದಾನಂದನ ಬಾಯಿಗೆ ಬಂತು. ಅದರ ಹಿಂದೆಯೇ, ಹತ್ತು ದಿನ ನನ್ನ ಜೊತೆ ಆಡಿದ್ದು ಉಪಯೋಗಕ್ಕೆ ಬಂತು ನೋಡು ಎಂಬ ಮಾತೂ ಬಂತು. ಎರಡರಲ್ಲಿ ಯಾವುದು ಮೊದಲು ಹೊರಬೀಳುತ್ತದೋ ತಿಳಿಯದೆ ಅವನು ಬಾಯಿ ಮುಚ್ಚಿಕೊಂಡ. ಜಯಶೀಲಾ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಎರಡು ದಿನದಲ್ಲಿ ಮೊದಲ ಸಲ ಅವಳ ತುಟಿಯ ಕೊನೆ ಸ್ವಲ್ಪ ಸಡಿಲಾದ ಹಾಗೆ ಕಂಡಿತು.

"ನೋಡ್ತಾ ನಿಂತ್ಕೋಬೇಡಿ, ಆ ಕಡೆ ಸಾಲಿಗೆ ಇನ್ನೂ ಸಾರೇ ಬಂದಿಲ್ಲ," ಎಂದಳು.

ಚಿದಾನಂದ ಬಕೀಟು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಒಮ್ಮೆ ನೆಟ್ಟಗಾಗಿ, ಸಾರು ತರಲು ಅಡಿಗೆಮನೆಯ ಕಡೆ ನಡೆದ.